ಸೈಬರ್ನೆಟಿಕ್ಸಿನ ಜನಕ ನಾರ್ಬರ್ಟ್ ವೀನರ್

ದಶರಥ ಮಹಾರಾಜನು ಶಬ್ದವೇಧಿ ವಿದ್ಯೆಯಲ್ಲಿ ಪಾರಂಗತನಾಗಿದ್ದನು. ಕಣ್ಣಿಗೆ ಕಾಣದ ಗುರಿಯನ್ನು ಅದರ ಸದ್ದಿನಿಂದಲೇ ಗುರುತಿಸಿ ಬಾಣ ಬಿಡಬಲ್ಲವನಾಗಿದ್ದನು. ಸರಯೂ ತೀರದ ಕತ್ತಲೆಯಲ್ಲಿ, ಕೊಡಕ್ಕೆ ನೀರು ತುಂಬುವ ಸದ್ದನ್ನು ಆನೆ ನೀರು ಕುಡಿಯುವ ಸದ್ದೆಂದು ಭಾವಿಸಿ ಅವನು ಬಿಟ್ಟ ಬಾಣ ಗುರಿ ತಪ್ಪಲಿಲ್ಲ. ಆದರೆ ಅದು ನೆಟ್ಟದ್ದು ಅಂಧ ತಂದೆತಾಯಿಯರ ಏಕೈಕ ಆಸರೆಯಾಗಿದ್ದ ಕುಮಾರನ ದೇಹದಲ್ಲಿ. ಬಿಲ್ಲುವಿದ್ಯೆಯಲ್ಲಿ ಲೋಪವಿರಲಿಲ್ಲ, ಗುರಿ ಯಾವುದೆಂಬ ನಿರ್ಣಯದಲ್ಲಿ ಲೋಪವಿತ್ತು. ಆ ಒಂದು ಬಾಣದಿಂದ ಬಂದ ಶಾಪವೇ ಮುಂದೆ ರಾಮಾಯಣದ ಗತಿಯನ್ನು ನಿರ್ಧರಿಸಿತು.

ಇಂದಿನ ಕಾಲದ ಶಬ್ದವೇಧಿ ಎಂದರೆ ನಿಯಂತ್ರಿತ ಕ್ಷಿಪಣಿ. ಅದು ಸದ್ದಿನ ಬದಲು ರೇಡಿಯೋ ಅಲೆಗಳ ಪ್ರತಿಧ್ವನಿಯನ್ನೋ ಶಾಖವನ್ನೋ ಅನುಸರಿಸಿ ಹೋಗುತ್ತದೆ. ಓಡುವ ಗುರಿಯ ಮುಂದಿನ ಸ್ಥಾನವನ್ನು ಊಹಿಸುವ ಗಣಿತಕ್ಕೆ ಬಲವಾದ ತಳಹದಿ ಹಾಕಿದವರಲ್ಲಿ ಅಮೆರಿಕದ ಗಣಿತಜ್ಞ ನಾರ್ಬರ್ಟ್ ವೀನರರು ಅಗ್ರಗಣ್ಯರು. ಆ ಗಣಿತವನ್ನು ಕ್ಷಿಪಣಿ ನಿರ್ಮಾಣಕ್ಕಾಗಿ ಕೇಳಿದಾಗ ತಮ್ಮ ಕೈಯಿಂದ ಕೊಡಲಾರೆನೆಂದು ಬಹಿರಂಗವಾಗಿ ನಿರಾಕರಿಸಿದವರೂ ಅವರೇ. ಶಾಲೆಯ ಸುವರ್ಣ ಮಹೋತ್ಸವದ ಈ ಶುಭ ಸಂದರ್ಭದಲ್ಲಿ ಅವರ ಜೀವನವನ್ನು ಸ್ಮರಿಸುವುದು ವಿದ್ಯಾರ್ಥಿಗಳಿಗೆ ಮಾತ್ರವಲ್ಲ, ಅಧ್ಯಾಪಕರಿಗೂ ಹೆತ್ತವರಿಗೂ ಪ್ರಯೋಜನಕಾರಿ ಎಂದು ನಂಬಿದ್ದೇನೆ.

ಜನನ ಮತ್ತು ಬಾಲ್ಯ

ನಾರ್ಬರ್ಟ್ ವೀನರರು 1894ರ ನವೆಂಬರ್ 26ರಂದು ಅಮೆರಿಕದ ಮಿಸೌರಿ ರಾಜ್ಯದ ಕೊಲಂಬಿಯಾ ಎಂಬ ಊರಿನಲ್ಲಿ ಜನಿಸಿದರು. ತಂದೆ ಲಿಯೋ ವೀನರ್, ತಾಯಿ ಬರ್ತಾ. ಯಹೂದಿ ಮನೆತನದ ಲಿಯೋ ಅವರ ಹುಟ್ಟೂರು ಅಂದು ರಷ್ಯಾದ ಆಳ್ವಿಕೆಗೆ ಒಳಪಟ್ಟಿದ್ದ, ಇಂದು ಪೋಲೆಂಡಿಗೆ ಸೇರಿದ ಬಿಯಾಲಿಸ್ಟಾಕ್. ಅದು ಪೋಲಿಷ್, ರಷ್ಯನ್, ಜರ್ಮನ್, ಯಿಡ್ಡಿಷ್ ಭಾಷೆಗಳು ಒಂದೇ ಬೀದಿಯಲ್ಲಿ ಕೇಳಿಬರುತ್ತಿದ್ದ ಗಡಿನಾಡಿನ ನಗರ. ಸಪ್ತಭಾಷಾ ಸಂಗಮವೆನಿಸಿದ ನಮ್ಮ ಕಾಸರಗೋಡಿನ ಓದುಗರಿಗೆ ಇಂತಹ ಊರಿನ ಚಿತ್ರ ಅಪರಿಚಿತವೆನಿಸದು. ಲಿಯೋ ಅವರು ಬಹುಭಾಷಾ ಪಂಡಿತರಾಗಿ ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ಸ್ಲಾವಿಕ್ ಭಾಷೆಗಳ ಪ್ರಾಧ್ಯಾಪಕರಾದರು. ಟಾಲ್‌ಸ್ಟಾಯ್ ಅವರ ಕೃತಿಗಳನ್ನು ಇಪ್ಪತ್ತನಾಲ್ಕು ಸಂಪುಟಗಳಲ್ಲಿ ಇಂಗ್ಲಿಷಿಗೆ ಅನುವಾದಿಸಿದರು. ಟಾಲ್‌ಸ್ಟಾಯ್ ಅನುಯಾಯಿಯಾಗಿ ಸಸ್ಯಾಹಾರವನ್ನು ಸ್ವೀಕರಿಸಿದ್ದರು. ಮಗನೂ ಜೀವನಪರ್ಯಂತ ಸಸ್ಯಾಹಾರಿಯಾಗಿಯೇ ಉಳಿದರು.

ಲಿಯೋ ಅವರು ಮಗನ ಶಿಕ್ಷಣವನ್ನು ತಾವೇ ವಹಿಸಿಕೊಂಡರು. ಆ ಶಿಕ್ಷಣ ಉನ್ನತವಾಗಿತ್ತು, ಆದರೆ ಕಠೋರವೂ ಆಗಿತ್ತು. ಪಾಠವು ಮೃದುವಾದ ಮಾತುಗಳಿಂದ ಆರಂಭವಾಗುತ್ತಿತ್ತು. ಬಾಲಕನು ಬೀಜಗಣಿತದ ಲೆಕ್ಕದಲ್ಲಿ ಮೊದಲ ತಪ್ಪು ಮಾಡಿದ ಕೂಡಲೇ ತಂದೆಯ ಸ್ವರ ಗಡಸಾಗುತ್ತಿತ್ತು. ತಪ್ಪುಗಳು ಹೆಚ್ಚಿದಷ್ಟೂ ಬೈಗುಳ ಹೆಚ್ಚುತ್ತಿತ್ತು. ಬೈಗುಳ ಹೆಚ್ಚಿದಷ್ಟೂ ತಪ್ಪುಗಳು ಹೆಚ್ಚುತ್ತಿದ್ದವು. ಕೊನೆಗೆ ಪಾಠ ಮುಗಿಯುತ್ತಿದ್ದುದು ಮಗುವಿನ ಕಣ್ಣೀರಿನಲ್ಲಿ.

ಬಾಲಕನ ದೃಷ್ಟಿ ಬಹಳ ದುರ್ಬಲವಾಗಿತ್ತು. ಎಂಟನೆಯ ವಯಸ್ಸಿನಲ್ಲಿ ವೈದ್ಯರು ಆರು ತಿಂಗಳ ಕಾಲ ಪುಸ್ತಕ ಮುಟ್ಟಬಾರದೆಂದು ಕಟ್ಟುನಿಟ್ಟಾಗಿ ಆದೇಶಿಸಿದರು. ಆದರೂ ಪಾಠ ನಿಲ್ಲಲಿಲ್ಲ. ತಂದೆ ಬಾಯಲ್ಲಿ ಹೇಳುತ್ತಿದ್ದರು, ಮಗ ಮನಸ್ಸಿನಲ್ಲಿಯೇ ಲೆಕ್ಕ ಬಿಡಿಸುತ್ತಿದ್ದನು. ಕಾಗದ ಪೆನ್ಸಿಲುಗಳಿಲ್ಲದೆ ದೀರ್ಘವಾದ ಲೆಕ್ಕವನ್ನು ತಲೆಯಲ್ಲಿ ಹಿಡಿದಿಡುವ ಶಕ್ತಿ ಅವರಿಗೆ ಹೀಗೆ ಸಿದ್ಧಿಸಿತು.

ಒಂಬತ್ತನೆಯ ವಯಸ್ಸಿನಲ್ಲಿ ಪ್ರೌಢಶಾಲೆ ಸೇರಿದ ವೀನರರು ಹನ್ನೊಂದನೆಯ ವಯಸ್ಸಿಗೆ ಅದನ್ನು ಮುಗಿಸಿ ಟಫ್ಟ್ಸ್ ಕಾಲೇಜಿಗೆ ಪ್ರವೇಶ ಪಡೆದರು. 1909ರಲ್ಲಿ, ಹದಿನಾಲ್ಕನೆಯ ವಯಸ್ಸಿನಲ್ಲಿ ಪದವೀಧರರಾದರು. ಪತ್ರಿಕೆಗಳು ಅವರನ್ನು ಅದ್ಭುತ ಬಾಲಕನೆಂದು ಕೊಂಡಾಡಿದವು. ಮಗನಲ್ಲಿ ಹುಟ್ಟುಗುಣದ ವಿಶೇಷವೇನೂ ಇಲ್ಲ, ಎಲ್ಲವೂ ತರಬೇತಿಯ ಫಲ ಎಂದು ತಂದೆ ಸಾರಿದರು. ಗೆಲುವೆಲ್ಲ ತಂದೆಯದು, ಸೋಲೆಲ್ಲ ತನ್ನದು ಎಂಬ ಈ ಭಾವನೆ ಎಳೆಯ ಮನಸ್ಸಿಗೆ ಎಷ್ಟು ಆಳವಾಗಿ ನಾಟಿತೆಂದರೆ, ವೀನರರು ಐವತ್ತೆಂಟನೆಯ ವಯಸ್ಸಿನಲ್ಲಿ ಪ್ರಕಟಿಸಿದ ಆತ್ಮಕಥೆಯಲ್ಲಿಯೂ ಅದರ ನೋವು ಮಾಸಿರಲಿಲ್ಲ. ತಂದೆಯ ಮೇಲಿನ ಗೌರವವೂ ಅದೇ ಪುಟಗಳಲ್ಲಿ ಅಷ್ಟೇ ಸ್ಪಷ್ಟವಾಗಿದೆ ಎಂಬುದನ್ನು ಮರೆಯಬಾರದು.

ಉನ್ನತ ವ್ಯಾಸಂಗ

ಪದವಿಯ ಬಳಿಕ ಹಾರ್ವರ್ಡಿನಲ್ಲಿ ಪ್ರಾಣಿಶಾಸ್ತ್ರವನ್ನು ಆರಿಸಿಕೊಂಡರು. ಮಂದದೃಷ್ಟಿ ಮತ್ತು ನಡುಗುವ ಕೈಗಳಿಂದ ಪ್ರಯೋಗಶಾಲೆಯ ಕೆಲಸ ಸಾಗಲಿಲ್ಲ. ಕಾರ್ನೆಲ್‌ನಲ್ಲಿ ಒಂದು ವರ್ಷ ತತ್ತ್ವಶಾಸ್ತ್ರವನ್ನು ಅಭ್ಯಸಿಸಿ ಪುನಃ ಹಾರ್ವರ್ಡಿಗೆ ಮರಳಿದರು. 1913ರಲ್ಲಿ, ಹದಿನೆಂಟನೆಯ ವಯಸ್ಸಿನಲ್ಲಿ, ಗಣಿತೀಯ ತರ್ಕಶಾಸ್ತ್ರದ ಪ್ರೌಢಪ್ರಬಂಧಕ್ಕೆ ಡಾಕ್ಟರೇಟ್ ಪಡೆದರು. ಅನಂತರ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಬರ್ಟ್ರಂಡ್ ರಸೆಲ್ ಮತ್ತು ಹಾರ್ಡಿ ಅವರ ಬಳಿಯೂ ಜರ್ಮನಿಯ ಗಾಟಿಂಗೆನ್‌ನಲ್ಲಿ ಹಿಲ್ಬರ್ಟ್ ಅವರ ಬಳಿಯೂ ವ್ಯಾಸಂಗ ಮಾಡಿದರು. ನಮ್ಮ ಶ್ರೀನಿವಾಸ ರಾಮಾನುಜನ್ ಅವರನ್ನು 1914ರಲ್ಲಿ ಕೇಂಬ್ರಿಜ್‌ಗೆ ಕರೆಸಿಕೊಂಡ ಹಾರ್ಡಿಯವರೇ ಇವರು.

ಪ್ರಥಮ ಮಹಾಯುದ್ಧದ ಕೊನೆಯ ವರ್ಷವಾದ 1918ರಲ್ಲಿ ವೀನರರು ಅಬರ್ಡೀನ್ ಎಂಬಲ್ಲಿನ ಫಿರಂಗಿ ಪರೀಕ್ಷಾ ಕೇಂದ್ರದಲ್ಲಿ ಕೆಲಸ ಮಾಡಿದರು. ಫಿರಂಗಿಯನ್ನು ಎಷ್ಟು ಕೋನಕ್ಕೆ ಎತ್ತಿದರೆ ಗುಂಡು ಎಷ್ಟು ದೂರ ಬೀಳುತ್ತದೆ ಎಂಬ ಕೋಷ್ಟಕಗಳನ್ನು ಲೆಕ್ಕಹಾಕುವುದು ಅಲ್ಲಿಯ ಕಾರ್ಯ. ಒಮ್ಮೆ ಹಾರಿದ ಗುಂಡಿನ ದಾರಿಯನ್ನು ತಿದ್ದುವ ಉಪಾಯ ಅಂದು ಇರಲಿಲ್ಲ. ಹೈದರ್ ಮತ್ತು ಟಿಪ್ಪು ಅವರ ಸೈನ್ಯ 1780ರ ಪೊಳ್ಳಿಲೂರು ಕಾಳಗದಲ್ಲಿ ಪ್ರಯೋಗಿಸಿದ ಪ್ರಸಿದ್ಧ ಮೈಸೂರು ರಾಕೆಟ್‌ಗಳ ವಿಷಯದಲ್ಲಿಯೂ ಸ್ಥಿತಿ ಇದೇ ಆಗಿತ್ತು. ಕಬ್ಬಿಣದ ಕೊಳವೆಯಿಂದಾಗಿ ಅವುಗಳಿಗೆ ಬಲವಿತ್ತು, ಆದರೆ ಹೊರಟ ಮೇಲೆ ಅವುಗಳಿಗೆ ಕಣ್ಣಿರಲಿಲ್ಲ.

1919ರಲ್ಲಿ ವೀನರರು ಮೆಸಾಚುಸೆಟ್ಸ್ ತಂತ್ರವಿಜ್ಞಾನ ಸಂಸ್ಥೆಯಲ್ಲಿ ಗಣಿತದ ಅಧ್ಯಾಪಕರಾಗಿ ಸೇರಿ, ಅದೇ ಸಂಸ್ಥೆಯಲ್ಲಿ ನಾಲ್ಕು ದಶಕಗಳ ಕಾಲ ಸೇವೆ ಸಲ್ಲಿಸಿದರು. ಪಕ್ಕದಲ್ಲಿ ಹರಿಯುವ ಚಾರ್ಲ್ಸ್ ನದಿಯ ಮೇಲಿನ ಅಸ್ತವ್ಯಸ್ತವಾದ ಅಲೆಗಳನ್ನು ಗಣಿತದ ಸೂತ್ರದಲ್ಲಿ ಹಿಡಿಯುವುದು ಹೇಗೆಂಬ ಪ್ರಶ್ನೆ ಅವರನ್ನು ಕಾಡಿತು. ನೀರಿನಲ್ಲಿ ಸೂಕ್ಷ್ಮ ಕಣಗಳು ಗೊತ್ತುಗುರಿಯಿಲ್ಲದೆ ತತ್ತರಿಸುವ ಬ್ರೌನಿಯನ್ ಚಲನೆಗೆ ಅವರು 1920ರ ದಶಕದಲ್ಲಿ ಭದ್ರವಾದ ಗಣಿತೀಯ ರೂಪ ಕೊಟ್ಟರು. ಅದು ಇಂದಿಗೂ ವೀನರ್ ಪ್ರಕ್ರಿಯೆ ಎಂದೇ ಪ್ರಸಿದ್ಧವಾಗಿದೆ. 1926ರಲ್ಲಿ ಮಾರ್ಗರೆಟ್ ಎಂಗೆಮನ್ ಅವರನ್ನು ವಿವಾಹವಾದರು. ದಂಪತಿಗೆ ಇಬ್ಬರು ಪುತ್ರಿಯರು.

ಯುದ್ಧಕಾಲದ ಸಂಶೋಧನೆ

ದ್ವಿತೀಯ ಮಹಾಯುದ್ಧದಲ್ಲಿ ಜರ್ಮನಿಯ ವಿಮಾನಗಳು ಇಂಗ್ಲೆಂಡಿನ ನಗರಗಳ ಮೇಲೆ ಬಾಂಬುಗಳ ಮಳೆಗರೆಯುತ್ತಿದ್ದಾಗ, ವಿಮಾನವನ್ನು ನೆಲದಿಂದ ಹೊಡೆದುರುಳಿಸುವ ಸಮಸ್ಯೆ ಎದುರಾಯಿತು. ಇದರ ಕಷ್ಟವನ್ನು ಒಂದು ಸಣ್ಣ ಲೆಕ್ಕದಿಂದ ತಿಳಿಯಬಹುದು. ವಿಮಾನದ ವೇಗ ಗಂಟೆಗೆ 480 ಕಿಲೋಮೀಟರ್ ಎಂದೂ, ಗುಂಡು ಅಷ್ಟೆತ್ತರ ತಲುಪಲು 20 ಸೆಕೆಂಡು ಬೇಕೆಂದೂ ಇಟ್ಟುಕೊಳ್ಳೋಣ. ಆ ಅವಧಿಯಲ್ಲಿ ವಿಮಾನವು ಎರಡೂವರೆ ಕಿಲೋಮೀಟರಿಗಿಂತಲೂ ಮುಂದೆ ಹೋಗಿರುತ್ತದೆ. ಆದುದರಿಂದ ವಿಮಾನ ಇರುವಲ್ಲಿಗೆ ಗುರಿಯಿಟ್ಟರೆ ಫಲವಿಲ್ಲ, ಅದು ಇರಲಿರುವಲ್ಲಿಗೆ ಗುರಿಯಿಡಬೇಕು. ಆದರೆ ಚಾಲಕನು ಸುಮ್ಮನೆ ನೇರವಾಗಿ ಹೋಗುವುದಿಲ್ಲ. ಗುಂಡುಗಳನ್ನು ಕಂಡು ಅತ್ತಿತ್ತ ಹೊರಳುತ್ತಾನೆ.

1940ರ ಕೊನೆಯಲ್ಲಿ ವೀನರರು ಈ ಕಾರ್ಯವನ್ನು ಕೈಗೆತ್ತಿಕೊಂಡರು. ಜೂಲಿಯನ್ ಬಿಗೆಲೋ ಎಂಬ ಯುವ ಇಂಜಿನಿಯರ್ ಅವರ ಸಹಾಯಕರಾದರು. ಭಯಗ್ರಸ್ತ ಚಾಲಕನ ಹೊರಳಾಟವು ಪೂರ್ಣ ನಿಯಮಬದ್ಧವಲ್ಲ, ಪೂರ್ಣ ಅನಿಯಮಿತವೂ ಅಲ್ಲ ಎಂದು ಅವರು ಗುರುತಿಸಿದರು. ಕಳೆದ ಕೆಲವು ಕ್ಷಣಗಳ ಚಲನೆಯ ದಾಖಲೆಯಿಂದ ಮುಂದಿನ ಕ್ಷಣಗಳ ಅತ್ಯಂತ ಸಂಭಾವ್ಯ ಸ್ಥಾನವನ್ನು ಲೆಕ್ಕಹಾಕುವ ವಿಧಾನವನ್ನು ರೂಪಿಸಿದರು. ರಾಡಾರ್ ಕೊಡುವ ಮಾಹಿತಿಯಲ್ಲಿ ನಿಜವಾದ ಸಂಕೇತದೊಡನೆ ವ್ಯರ್ಥ ಗದ್ದಲವೂ ಬೆರೆತಿರುತ್ತದೆ. ಮೊರದಲ್ಲಿ ಕೇರಿ ಕಾಳಿನಿಂದ ಹೊಟ್ಟನ್ನು ಬೇರ್ಪಡಿಸುವಂತೆ ಆ ಗದ್ದಲವನ್ನು ಬೇರ್ಪಡಿಸುವ ಸೂತ್ರವನ್ನೂ ಕೊಟ್ಟರು. ಇದೇ ಪ್ರಸಿದ್ಧ ವೀನರ್ ಶೋಧಕ. 1942ರ ಫೆಬ್ರವರಿಯಲ್ಲಿ ಈ ವರದಿ ಹಳದಿ ರಕ್ಷಾಪುಟದಲ್ಲಿ ಗುಪ್ತವಾಗಿ ಹೊರಬಂತು. ಅದರ ಗಣಿತ ಎಷ್ಟು ಕಠಿಣವಾಗಿತ್ತೆಂದರೆ, ಇಂಜಿನಿಯರುಗಳು ಅದಕ್ಕೆ ಹಳದಿ ಗಂಡಾಂತರವೆಂದು ಅಡ್ಡಹೆಸರಿಟ್ಟರು.

ವೀನರರ ಯಂತ್ರವು ರಣರಂಗಕ್ಕೆ ಇಳಿಯಲಿಲ್ಲ ಎಂಬುದು ಇಲ್ಲಿ ಹೇಳಲೇಬೇಕಾದ ಸಂಗತಿ. ಬೆಲ್ ಪ್ರಯೋಗಾಲಯದ ಸರಳವಾದ ಉಪಕರಣವೇ ಬಳಕೆಗೆ ಬಂತು. 1944ರಲ್ಲಿ ಲಂಡನ್ನಿನ ಕಡೆಗೆ ಬಂದ ಜರ್ಮನಿಯ ಚಾಲಕರಹಿತ ವಿ-1 ಹಾರುಬಾಂಬುಗಳನ್ನು ರಾಡಾರ್, ಆ ಉಪಕರಣ ಮತ್ತು ಗುರಿಯ ಸಮೀಪಕ್ಕೆ ಬಂದಾಗ ತಾನಾಗಿಯೇ ಸಿಡಿಯುವ ಗುಂಡುಗಳ ನೆರವಿನಿಂದ ಹೊಡೆದುರುಳಿಸಲಾಯಿತು. ಆದರೆ ಯುದ್ಧಾನಂತರದ ನಿಯಂತ್ರಣ ವಿಜ್ಞಾನವೆಲ್ಲ ಬೆಳೆದುದು ವೀನರರ ಗಣಿತದ ದಾರಿಯಲ್ಲಿ.

ಅಂಬಿಗನ ವಿದ್ಯೆ

ಈ ಸಂಶೋಧನೆಯಿಂದ ಅವರಿಗೆ ಹೊಳೆದ ಮೂಲತತ್ತ್ವವೇ ಹಿಮ್ಮಾಹಿತಿ. ಸೇತುವೆಗಳಾಗುವ ಮೊದಲು ಚಂದ್ರಗಿರಿ, ಶಿರಿಯ ಹೊಳೆಗಳ ಕಡವುಗಳಲ್ಲಿ ದೋಣಿಯೇರಿದ ಹಿರಿಯರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅಂಬಿಗನು ಆಚೆದಡವನ್ನು ನೋಡುತ್ತಾನೆ. ಪ್ರವಾಹ ದೋಣಿಯನ್ನು ಕೆಳಕ್ಕೆ ಸೆಳೆದಾಗ ಎಷ್ಟು ಸರಿದಿದೆ ಎಂದು ಅಳೆದು ಹುಟ್ಟನ್ನು ಅಷ್ಟೇ ತಿರುಗಿಸುತ್ತಾನೆ. ಪುನಃ ನೋಡುತ್ತಾನೆ, ಪುನಃ ತಿದ್ದುತ್ತಾನೆ. ಗುರಿಗೂ ಈಗಿನ ಸ್ಥಿತಿಗೂ ಇರುವ ಅಂತರವನ್ನು ತಿಳಿದು ಆ ಅಂತರವನ್ನು ಕಡಿಮೆ ಮಾಡುವುದೇ ಹಿಮ್ಮಾಹಿತಿಯ ಸಾರ. ಗ್ರೀಕ್ ಭಾಷೆಯಲ್ಲಿ ಚುಕ್ಕಾಣಿ ಹಿಡಿಯುವವನಿಗೆ ಇರುವ ಪದದಿಂದಲೇ ವೀನರರು ತಮ್ಮ ಹೊಸ ಶಾಸ್ತ್ರಕ್ಕೆ ಸೈಬರ್ನೆಟಿಕ್ಸ್ ಎಂದು ನಾಮಕರಣ ಮಾಡಿದರು. ಅದೇ ಹೆಸರಿನ ಅವರ ಗ್ರಂಥ 1948ರಲ್ಲಿ ಪ್ರಕಟವಾಯಿತು. ಇಂದು ಎಲ್ಲರ ಬಾಯಲ್ಲಿರುವ ಸೈಬರ್ ಎಂಬ ಪದದ ಮೂಲ ಅದೇ.

ತಿದ್ದುಪಡಿ ಅತಿಯಾದರೆ ಏನಾಗುತ್ತದೆ? ಹೊಸದಾಗಿ ಸೈಕಲ್ ಕಲಿಯುವ ಹುಡುಗನು ಎಡಕ್ಕೆ ವಾಲಿದಾಗ ಹ್ಯಾಂಡಲನ್ನು ಜೋರಾಗಿ ಬಲಕ್ಕೆ ಎಳೆಯುತ್ತಾನೆ, ಮತ್ತೆ ಎಡಕ್ಕೆ ಎಳೆಯುತ್ತಾನೆ, ಕೊನೆಗೆ ಬೀಳುತ್ತಾನೆ. ಯಂತ್ರಗಳಲ್ಲಿಯೂ ಹೀಗೆಯೇ ತೂಗಾಟ ಉಂಟಾಗುತ್ತದೆ. ಮನುಷ್ಯರಲ್ಲಿ ಇಂತಹ ರೋಗವಿದೆಯೇ ಎಂದು ವೀನರರು ಮತ್ತು ಬಿಗೆಲೋ ಅವರು ತಮ್ಮ ಮಿತ್ರ, ಶರೀರಶಾಸ್ತ್ರಜ್ಞ ಆರ್ತುರೊ ರೋಸೆನ್‌ಬ್ಲೂತ್ ಅವರನ್ನು ವಿಚಾರಿಸಿದರು. ಕಿರುಮೆದುಳಿಗೆ ಪೆಟ್ಟಾದ ರೋಗಿಯು ಲೋಟ ಹಿಡಿಯಲು ಕೈ ಚಾಚಿದಾಗ ಕೈ ಅತ್ತಿತ್ತ ತೂಗಾಡುವುದುಂಟೆಂದು ಅವರು ತಿಳಿಸಿದರು. ಯಂತ್ರ ಮತ್ತು ಜೀವಿ ಇವೆರಡರಲ್ಲಿಯೂ ಒಂದೇ ನಿಯಮ ಕೆಲಸ ಮಾಡುತ್ತಿದೆ ಎಂಬುದಕ್ಕೆ ಇದು ದೊಡ್ಡ ಸಾಕ್ಷ್ಯವಾಯಿತು. 1943ರಲ್ಲಿ ಈ ಮೂವರೂ ಸೇರಿ ಪ್ರಕಟಿಸಿದ ಪ್ರಬಂಧ ಹೊಸ ಶಾಸ್ತ್ರಕ್ಕೆ ನಾಂದಿ ಹಾಡಿತು.

ಕ್ಷಿಪಣಿ ಗುರಿಯನ್ನು ಹುಡುಕುವ ಬಗೆ

ನಿಯಂತ್ರಿತ ಕ್ಷಿಪಣಿಗಳನ್ನು ಸ್ಥೂಲವಾಗಿ ಎರಡು ಬಗೆಯಾಗಿ ವಿಂಗಡಿಸಬಹುದು. ಮೊದಲನೆಯವು ಗುರಿಯನ್ನು ಕಾಣದೆಯೇ, ತಾವು ಎಲ್ಲಿದ್ದೇವೆ ಎಂಬುದನ್ನು ಮಾತ್ರ ಅರಿತು ಸಾಗುವಂಥವು. ರಭಸದಿಂದ ತಿರುಗುವ ಬುಗುರಿ ತನ್ನ ಅಕ್ಷದ ದಿಕ್ಕನ್ನು ಸುಲಭವಾಗಿ ಬದಲಿಸದು. ಇದೇ ತತ್ತ್ವದ ಜೈರೋಸ್ಕೋಪು ದಿಕ್ಕನ್ನು ತಿಳಿಸುತ್ತದೆ, ವೇಗೋತ್ಕರ್ಷಮಾಪಕವು ವೇಗದ ಬದಲಾವಣೆಯನ್ನು ತಿಳಿಸುತ್ತದೆ. ಇವೆರಡರಿಂದ ಕ್ಷಿಪಣಿ ತನ್ನ ಸ್ಥಾನವನ್ನು ಲೆಕ್ಕಹಾಕುತ್ತದೆ. ಇಂದು ಉಪಗ್ರಹಗಳ ಸಂಕೇತಗಳೂ ಇದಕ್ಕೆ ನೆರವಾಗುತ್ತವೆ. ನಿಶ್ಚಲವಾದ ಗುರಿಗಳಿಗೆ ಈ ಕ್ರಮ ಸಾಕು.

ಎರಡನೆಯವು ಗುರಿಯನ್ನು ತಾವೇ ಅರಸಿ ಹೋಗುವಂಥವು. ಇವುಗಳ ಮೂತಿಯಲ್ಲಿ ಶೋಧಕವೆಂಬ ಕಣ್ಣಿರುತ್ತದೆ. ಕೆಲವು ತಾವೇ ರಾಡಾರ್ ಅಲೆಗಳನ್ನು ಕಳುಹಿಸಿ ಪ್ರತಿಧ್ವನಿಯನ್ನು ಸ್ವೀಕರಿಸುತ್ತವೆ; ಕೆಲವು ನೆಲದ ಅಥವಾ ವಿಮಾನದ ರಾಡಾರ್ ಗುರಿಯ ಮೇಲೆ ಬೀರಿದ ಅಲೆಗಳ ಪ್ರತಿಫಲನವನ್ನು ಹಿಡಿಯುತ್ತವೆ; ಇನ್ನು ಕೆಲವು ವಿಮಾನದ ಇಂಜಿನ್ ಹೊರಸೂಸುವ ಅವಕೆಂಪು ಕಿರಣಗಳನ್ನು, ಅಂದರೆ ಶಾಖವನ್ನು, ಗ್ರಹಿಸುತ್ತವೆ. ಅಮೆರಿಕದ ಸೈಡ್‌ವೈಂಡರ್ ಎಂಬ ಕ್ಷಿಪಣಿ ಈ ಕೊನೆಯ ಬಗೆಯದು. ಬೇಟೆಯ ಮೈಬಿಸಿಯನ್ನು ಗ್ರಹಿಸಬಲ್ಲ ಮರುಭೂಮಿಯ ಹಾವೊಂದರ ಹೆಸರನ್ನೇ ಅದಕ್ಕೆ ಇಡಲಾಗಿದೆ. 1958ರಲ್ಲಿ ತೈವಾನ್ ಜಲಸಂಧಿಯ ಮೇಲಿನ ಕಾಳಗದಲ್ಲಿ ಅದು ಪ್ರಥಮ ಬಾರಿಗೆ ಶತ್ರು ವಿಮಾನಗಳನ್ನು ಉರುಳಿಸಿತು.

ಗುರಿ ಕಂಡ ಮಾತ್ರಕ್ಕೆ ಅದರ ಬೆನ್ನುಹತ್ತಿದರೆ ಸಾಲದು. ಸಮುದ್ರದಲ್ಲಿ ಎದುರಿನ ಹಡಗು ಸದಾ ಒಂದೇ ದಿಕ್ಕಿನಲ್ಲಿ ಕಾಣುತ್ತಾ ದೊಡ್ಡದಾಗುತ್ತಾ ಬಂದರೆ ಡಿಕ್ಕಿ ನಿಶ್ಚಿತವೆಂದು ನಾವಿಕರು ಬಲ್ಲರು. ನಾವಿಕನು ತಪ್ಪಿಸಿಕೊಳ್ಳಲು ಬಳಸುವ ಈ ನಿಯಮವನ್ನು ಕ್ಷಿಪಣಿಯು ಡಿಕ್ಕಿ ಹೊಡೆಯಲು ಬಳಸುತ್ತದೆ. ಗುರಿ ಕಾಣುವ ದಿಕ್ಕು ಎಷ್ಟು ಬೇಗ ಬದಲಾಗುತ್ತಿದೆ ಎಂಬುದನ್ನು ವಿದ್ಯುನ್ಮಾನ ಮಂಡಲವು ಅಳೆಯುತ್ತದೆ. ಆ ಪ್ರಮಾಣಕ್ಕೆ ತಕ್ಕಂತೆ ರೆಕ್ಕೆಗಳನ್ನು ತಿರುಗಿಸುವ ಮೋಟಾರಿಗೆ ಆಜ್ಞೆ ಹೋಗುತ್ತದೆ. ಮುಟ್ಟುವವರೆಗೂ ಈ ಅಳೆಯುವಿಕೆ, ತಿದ್ದುವಿಕೆ ಎಡೆಬಿಡದೆ ನಡೆಯುತ್ತದೆ. ಗದ್ದಲದಿಂದ ಸಂಕೇತವನ್ನು ಸೋಸುವ ಕಾರ್ಯಕ್ಕೆ 1960ರಲ್ಲಿ ರುಡಾಲ್ಫ್ ಕಾಲ್ಮನ್ ಅವರು ಕಂಪ್ಯೂಟರಿಗೆ ಒಗ್ಗುವ ಸುಲಭ ಕ್ರಮವನ್ನು ರೂಪಿಸಿದರು. ವೀನರರು ಬಿಡಿಸಿದ ಸಮಸ್ಯೆಯ ಮುಂದುವರಿಕೆಯೇ ಅದು. ನಮ್ಮ ದೇಶದಲ್ಲಿ 1983ರಲ್ಲಿ ಡಾ. ಎ.ಪಿ.ಜೆ. ಅಬ್ದುಲ್ ಕಲಾಂ ಅವರ ನೇತೃತ್ವದಲ್ಲಿ ಆರಂಭವಾದ ಯೋಜನೆಯ ಆಕಾಶ್, ನಾಗ್ ಮುಂತಾದ ಕ್ಷಿಪಣಿಗಳೂ ಇದೇ ತತ್ತ್ವಗಳನ್ನು ಅವಲಂಬಿಸಿವೆ.

ಇಷ್ಟೆಲ್ಲ ಇದ್ದರೂ ಶಾಖವನ್ನು ಅರಸುವ ಕ್ಷಿಪಣಿಗೆ ಶಾಖ ಮಾತ್ರ ಗೊತ್ತು. ಅದಕ್ಕಾಗಿಯೇ ವಿಮಾನಗಳು ಉರಿಯುವ ಉಂಡೆಗಳನ್ನು ಉದುರಿಸಿ ಅದರ ದಾರಿ ತಪ್ಪಿಸುತ್ತವೆ. ಕೊಡದ ಸದ್ದನ್ನು ಆನೆಯ ಸದ್ದೆಂದು ತಿಳಿಯುವ ಅಪಾಯ ಇಂದಿಗೂ ತೊಲಗಿಲ್ಲ.

ಐತಿಹಾಸಿಕ ನಿರಾಕರಣೆ

1945ರ ಆಗಸ್ಟಿನಲ್ಲಿ ಹಿರೋಶಿಮಾ ಮತ್ತು ನಾಗಸಾಕಿಗಳ ಮೇಲೆ ಬಿದ್ದ ಅಣುಬಾಂಬುಗಳು ವೀನರರ ಅಂತಃಕರಣವನ್ನು ಕಲಕಿದವು. 1946ರ ಡಿಸೆಂಬರಿನಲ್ಲಿ, ದೊಡ್ಡ ವಿಮಾನ ಕಂಪೆನಿಯೊಂದರಲ್ಲಿ ನಿಯಂತ್ರಿತ ಕ್ಷಿಪಣಿಗಳ ಕೆಲಸದಲ್ಲಿದ್ದ ವಿಜ್ಞಾನಿಯೊಬ್ಬರು ಅವರ ಯುದ್ಧಕಾಲದ ವರದಿಯ ಪ್ರತಿಯನ್ನು ಕೋರಿ ಪತ್ರ ಬರೆದರು. ವೀನರರು ಕೊಡಲಿಲ್ಲ. ವರದಿ ಸರಕಾರದ ಸ್ವತ್ತಾದುದರಿಂದ ಅಲ್ಲಿಂದ ಪಡೆಯಲು ಅಡ್ಡಿಯಿಲ್ಲ, ಆದರೆ ತಮ್ಮ ಕೈಯಿಂದ ಅದು ಬರಲಾರದು ಎಂದು ತಿಳಿಸಿದರು. ಶಸ್ತ್ರದ ಬಗ್ಗೆ ಮಾಹಿತಿ ನೀಡುವುದೆಂದರೆ ಆ ಶಸ್ತ್ರದ ಬಳಕೆಗೆ ಸಮ್ಮತಿಸಿದಂತೆಯೇ; ಇಂತಹ ಕ್ಷಿಪಣಿಗಳು ನಿರಾಯುಧರಾದ ನಾಗರಿಕರನ್ನು ವಿವೇಚನೆಯಿಲ್ಲದೆ ಕೊಲ್ಲುವುವೇ ಹೊರತು ಯಾರನ್ನೂ ರಕ್ಷಿಸವು ಎಂಬುದು ಅವರ ನಿಲುವಾಗಿತ್ತು. ಈ ಉತ್ತರವನ್ನು 1947ರ ಜನವರಿಯಲ್ಲಿ ಅಟ್ಲಾಂಟಿಕ್ ಮಂತ್ಲಿ ಪತ್ರಿಕೆಯಲ್ಲಿ ಪ್ರಕಟಪಡಿಸಿದರು. ಅದೇ ತಿಂಗಳು ಹಾರ್ವರ್ಡಿನಲ್ಲಿ ನೌಕಾದಳದ ಆಶ್ರಯದಲ್ಲಿ ನಡೆದ ಗಣಕಯಂತ್ರಗಳ ಸಮ್ಮೇಳನದಿಂದಲೂ ಹಿಂದೆ ಸರಿದರು. ಆಮೇಲೆ ಸೇನೆಯ ಧನಸಹಾಯದ ಸಂಶೋಧನೆಯಿಂದ ದೂರವೇ ಉಳಿದರು.

ಈ ನಿರಾಕರಣೆಯಿಂದ ಕ್ಷಿಪಣಿಗಳ ನಿರ್ಮಾಣ ನಿಲ್ಲಲಿಲ್ಲ. ವರದಿಯ ಪ್ರತಿಗಳು ಆಗಲೇ ಹಲವರ ಕೈಸೇರಿದ್ದವು. 1949ರಲ್ಲಿ ಅದು ಗ್ರಂಥರೂಪದಲ್ಲಿಯೂ ಬಹಿರಂಗವಾಯಿತು. ಹಾಗಾದರೆ ನಿರಾಕರಣೆಯಿಂದ ಪ್ರಯೋಜನವೇನು ಎಂದು ಕೇಳುವವರು ಅಂದೂ ಇದ್ದರು, ಇಂದೂ ಇರಬಹುದು. ದೇಶರಕ್ಷಣೆಗೆ ಶಸ್ತ್ರ ಬೇಡವೇ ಎಂಬ ಪ್ರಶ್ನೆಯೂ ಸಣ್ಣದಲ್ಲ. ನಾಜಿಗಳ ವಿರುದ್ಧದ ಯುದ್ಧಕ್ಕೆ ಸ್ವತಃ ವೀನರರೇ ದುಡಿದವರು. ಆದರೆ ತನ್ನ ವಿದ್ಯೆ ಯಾರ ಕೈಗೆ, ಯಾವ ಕಾರ್ಯಕ್ಕೆ ಹೋಗುತ್ತದೆ ಎಂದು ಕೇಳುವ ಹಕ್ಕು ಮತ್ತು ಹೊಣೆ ವಿದ್ಯಾವಂತನಿಗೆ ಇದೆ ಎಂಬುದನ್ನು ಅವರು ತಮ್ಮ ನಡೆಯಿಂದ ತೋರಿಸಿಕೊಟ್ಟರು. ಪ್ರತಿಷ್ಠೆಯೂ ಹಣವೂ ಸೇನೆಯ ಯೋಜನೆಗಳ ಸುತ್ತ ಸೇರುತ್ತಿದ್ದ ದಿನಗಳಲ್ಲಿ ಇದು ಅಗ್ಗದ ಧೈರ್ಯವಲ್ಲ.

ಕೊನೆಯ ವರ್ಷಗಳು

ಸ್ವಯಂಚಾಲಿತ ಯಂತ್ರಗಳಿಂದ ಕಾರ್ಮಿಕರು ಕೆಲಸ ಕಳೆದುಕೊಳ್ಳುವರೆಂದು 1949ರಲ್ಲಿಯೇ ಕಾರ್ಮಿಕ ನಾಯಕ ವಾಲ್ಟರ್ ರೂಥರ್ ಅವರಿಗೆ ಪತ್ರ ಬರೆದು ಎಚ್ಚರಿಸಿದರು. ಮನುಷ್ಯನನ್ನು ಮನುಷ್ಯನಂತೆ ಬಳಸಿಕೊಳ್ಳಬೇಕೆಂಬ ಆಶಯದ ಜನಪ್ರಿಯ ಗ್ರಂಥವನ್ನು 1950ರಲ್ಲಿ ಹೊರತಂದರು. ಶಸ್ತ್ರಕ್ಕೆ ಕೊಡಲೊಲ್ಲದ ಹಿಮ್ಮಾಹಿತಿಯ ತತ್ತ್ವವನ್ನು ಕಿವುಡರಿಗೆ ಸ್ಪರ್ಶದಿಂದ ಮಾತು ತಿಳಿಸುವ ಸಾಧನಕ್ಕೂ, ಕೈ ಕಳೆದುಕೊಂಡವರಿಗೆ ಸ್ನಾಯುವಿನ ಸಂಕೇತದಿಂದ ಚಲಿಸುವ ಕೃತಕ ತೋಳಿಗೂ ಅನ್ವಯಿಸಲು ಮುಂದಾದರು.

ಭಾರತದೊಂದಿಗೆ ಅವರಿಗೆ ನಿಕಟವಾದ ನಂಟಿತ್ತು. 1955-56ರಲ್ಲಿ ಕಲ್ಕತ್ತೆಯ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯಲ್ಲಿ ಅತಿಥಿ ಪ್ರಾಧ್ಯಾಪಕರಾಗಿದ್ದರು. ಮುಂಬಯಿಯ ಗಣಿತಜ್ಞ ಪಿ.ಆರ್. ಮಸಾನಿ ಅವರೊಡನೆ ಸೇರಿ ಪೂರ್ವಸೂಚನೆಯ ಗಣಿತವನ್ನು ವಿಸ್ತರಿಸಿ 1957 ಮತ್ತು 1958ರಲ್ಲಿ ಪ್ರಬಂಧಗಳನ್ನು ಪ್ರಕಟಿಸಿದರು. ಮುಂದೆ ಮಸಾನಿಯವರೇ ವೀನರರ ಸಮಗ್ರ ಗಣಿತಕೃತಿಗಳನ್ನು ಸಂಪಾದಿಸಿ ಅವರ ಜೀವನಚರಿತ್ರೆಯನ್ನೂ ಬರೆದರು.

1964ರ ಜನವರಿಯಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪದಕ ಅವರಿಗೆ ಸಂದಿತು. ಅದೇ ವರ್ಷ ಮಾರ್ಚ್ 18ರಂದು, ಸ್ವೀಡನ್ನಿನ ಸ್ಟಾಕ್‌ಹೋಮ್‌ನಲ್ಲಿ ಪ್ರವಾಸದಲ್ಲಿದ್ದಾಗ, ಅರುವತ್ತೊಂಬತ್ತನೆಯ ವಯಸ್ಸಿನಲ್ಲಿ ನಿಧನ ಹೊಂದಿದರು.

ಉಪಸಂಹಾರ

ವೀನರರ ಬಾಲ್ಯವನ್ನೂ ಅವರ ಶಾಸ್ತ್ರವನ್ನೂ ಒಟ್ಟಿಗೆ ಇಟ್ಟು ನೋಡಿದಾಗ ಅಧ್ಯಾಪಕ ವೃತ್ತಿಯವರಿಗೆ ಒಂದು ಮಾತು ಸ್ಪಷ್ಟವಾಗುತ್ತದೆ. ಮಗುವಿನ ತಪ್ಪನ್ನು ತಿದ್ದಲೇಬೇಕು. ತಿದ್ದದಿದ್ದರೆ ದೋಣಿ ಪ್ರವಾಹದಲ್ಲಿ ಕೊಚ್ಚಿಹೋಗುತ್ತದೆ. ಆದರೆ ಅಳತೆ ಮೀರಿ ತಿದ್ದಿದರೆ ಅದೇ ದೋಣಿ ತೂಗಾಡಿ ಮಗುಚುತ್ತದೆ. ತಪ್ಪು ಎಷ್ಟಿದೆಯೋ ಅಷ್ಟೇ ತಿದ್ದುವ ಹದವನ್ನು ಅರಿತವನೇ ಒಳ್ಳೆಯ ಗುರು. ವಿದ್ಯಾರ್ಥಿಗಳಿಗೆ ಹೇಳಬೇಕಾದ ಮಾತು ಇನ್ನೊಂದು. ನಮ್ಮ ಶಾಲೆಯಲ್ಲಿ ಕನ್ನಡದಲ್ಲಿ ಗಣಿತ ವಿಜ್ಞಾನಗಳನ್ನು ಕಲಿತ ಮಕ್ಕಳು ಇಂದು ದೊಡ್ಡ ಕಾರ್ಖಾನೆಗಳಲ್ಲಿಯೂ ಪ್ರಯೋಗಾಲಯಗಳಲ್ಲಿಯೂ ದುಡಿಯುತ್ತಿದ್ದಾರೆ, ಮುಂದೆಯೂ ದುಡಿಯಲಿದ್ದಾರೆ. ಗುರಿ ಮುಟ್ಟುವ ವಿದ್ಯೆಯನ್ನು ಅವರು ಚೆನ್ನಾಗಿ ಕಲಿಯಲಿ. ಆ ಗುರಿ ಯಾವುದು, ಅಲ್ಲಿ ಇರುವವರು ಯಾರು ಎಂದು ಬಾಣ ಬಿಡುವ ಮೊದಲು ಕೇಳುವ ವಿವೇಕವನ್ನೂ ಈ ಶಾಲೆಯಿಂದಲೇ ಕೊಂಡೊಯ್ಯಲಿ. ಐವತ್ತು ವಸಂತಗಳನ್ನು ಪೂರೈಸಿದ ನಮ್ಮ ವಿದ್ಯಾಸಂಸ್ಥೆಯು ಶತಮಾನೋತ್ಸವದತ್ತ ದೃಢವಾಗಿ ಮುನ್ನಡೆಯಲಿ ಎಂದು ಹಾರೈಸುತ್ತೇನೆ.